ಹೂವಮ್ಮ ಕೇಳಿದ ಪ್ರಶ್ನೆ

ಸಾಗರದ ರೈಲ್ವೆ ಸ್ಟೇಷನ್ ಕಡೆಯ ಬಾಡಿಗೆ ಕಟ್ಟಡವೊಂದರಲ್ಲಿ ಆಗ ಕಿವುಡ ಮಕ್ಕಳ ಖಾಸಗಿ ವಸತಿಶಾಲೆಯೊಂದಿತ್ತು. ಅಲ್ಲಿ ಕೈಸನ್ನೆ ಮಾಡಿದ ಮಗುವಿಗೆ ಪೆಟ್ಟು ಬೀಳುತ್ತಿತ್ತು. ಮತ್ತೆ ಸಿಕ್ಕಿಬಿದ್ದರೆ ಕೈ ಹಿಂದಕ್ಕೆ ಎಳೆದು ರಿಬ್ಬನ್ನಿನಿಂದ ಕಟ್ಟಿ ಕೂರಿಸುತ್ತಿದ್ದರು. ಹೆಡ್‌ಮಾಸ್ಟರ್ ಮಂಜುನಾಥಪ್ಪನವರ ನಿಯಮ ಅದು. ಮಗು ತುಟಿ ನೋಡಿ ತಿಳಿಯಬೇಕು, ಗಂಟಲಿನಿಂದ ಹೇಳಬೇಕು. ಸನ್ನೆಗೆ ಬಿಟ್ಟರೆ ನಾಲಿಗೆ ಹೊರಳುವುದೇ ಇಲ್ಲ ಎಂದು ಅವರು ಮನಸಾರೆ ನಂಬಿದ್ದರು.

೧೯೮೨ರಲ್ಲಿ ಅಲ್ಲಿಗೆ ಟೀಚರಾಗಿ ಬಂದವಳು ಹೊಸನಗರದ ಮಾಸ್ತಮ್ಮ. ಅವಳ ತಮ್ಮ ಜಟ್ಟಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಅವನೊಡನೆ ಕೈಯಲ್ಲೇ ಜಗಳವಾಡಿ ಕೈಯಲ್ಲೇ ರಾಜಿಯಾಗಿ ಬೆಳೆದವಳು ಅವಳು. ಮೈಸೂರಿನಲ್ಲಿ ತರಬೇತಿಗೆ ಹೋದಾಗ ತರಗತಿಯಲ್ಲಿ ತುಟಿ ಓದಿಸುವುದನ್ನು ಕಲಿತಳು; ಹಾಸ್ಟೆಲಿನ ಕಿವುಡ ಹುಡುಗಿಯರಿಂದ ಅವರ ಸನ್ನೆಗಳನ್ನೂ ಕಲಿತಳು. ಎರಡನೆಯದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ.

ಬಂದ ವಾರವೇ ಅವಳು ಒಂದು ಮಗುವಿನ ರಿಬ್ಬನ್ ಬಿಚ್ಚಿದಳು.

"ಯಾರು ಬಿಚ್ಚೋಕೆ ಹೇಳಿದ್ದು?" ಎಂದರು ಮಂಜುನಾಥಪ್ಪ.

"ಮೂಗು ಸುರೀತಿತ್ತು ಸಾರ್. ಒರೆಸ್ಕಳಕ್ಕೆ ಕೈ ಬೇಡ್ವಾ?"

"ಇಲ್ಲಿ ಮಾತು ಕಲಿಸ್ತೀವಿ. ಮಂಗನಾಟ ಅಲ್ಲ."

"ಇಷ್ಟು ದಿನದಲ್ಲಿ ಯಾವ ಮಗು ಮಾತಾಡಿದೆ ಸಾರ್? ತೋರ್ಸಿ, ಕೇಳ್ತೀನಿ."

ಅಂದಿನಿಂದ ಅವರು ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಹೇಳುವುದಿದ್ದರೆ ಗೋಡೆಗೆ ಹೇಳಿ ಹೋಗುತ್ತಿದ್ದರು.

ಮಾಸ್ತಮ್ಮ ತರಗತಿಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕಲಿಸಿದಳು. ಲೋಟ ತೋರಿಸುವಳು, ನೀರಿನ ಸನ್ನೆ ಮಾಡುವಳು, ಆಮೇಲೆ ಮಗುವಿನ ಬೆರಳುಗಳನ್ನು ತನ್ನ ಬೆರಳುಗಳಿಂದ ಮಡಚಿ ಅದೇ ಆಕಾರಕ್ಕೆ ತರುವಳು. ಮಗು ತಾನಾಗಿ ಮಾಡುವ ತನಕ ನೀರು ಕೊಡುತ್ತಿರಲಿಲ್ಲ. ಹೀಗೇ ನೋವು, ಬೇಕು, ಅಮ್ಮ, ಯಾರು, ಯಾವಾಗ ಎಂಬ ಸನ್ನೆಗಳನ್ನೂ ಕಲಿಸಿದಳು. ಎಲ್ಲಕ್ಕಿಂತ ಬೇಗ ಮಕ್ಕಳಿಗೆ ಹತ್ತಿದ್ದು 'ಬೇಡ'. ಅದನ್ನು ಕಲಿತ ದಿನ ಉಪ್ಪಿಟ್ಟಿಗೂ ಬೇಡ, ಸ್ನಾನಕ್ಕೂ ಬೇಡ, ಹೆಡ್‌ಮಾಸ್ಟರಿಗೂ ಬೇಡ.

ಕೊನೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದವಳು ಹೂವಮ್ಮ. ಏಳು ವರ್ಷದವಳು. ತೀರ್ಥಹಳ್ಳಿ ಕಡೆಯ ಗಿರಿಯಪ್ಪ ಎಂಬ ಅನುಕೂಲಸ್ಥರ ಮಗಳು. ಹತ್ತಿರ ಹೋದವರನ್ನು ಕಚ್ಚುತ್ತಿದ್ದಳು. ಮನೆಗೆ ಕರೆದುಕೊಂಡು ಹೋದರೆ ಅಲ್ಲಿ ಮತ್ತೆ ಕೈ ಆಡಿಸಿ ಹಾಳಾಗುತ್ತಾಳೆ, ಒಂದು ವರ್ಷ ಈ ಕಡೆ ಬರಲೇಬೇಡಿ ಎಂದು ಮಂಜುನಾಥಪ್ಪ ಅವಳ ತಂದೆಗೆ ಹೇಳಿದ್ದರು. ಹಾಗಾಗಿ ದಸರಾಕ್ಕೂ ಯಾರೂ ಬರಲಿಲ್ಲ. ಮಾಸ್ತಮ್ಮನ ಕೈಗೂ ಅವಳ ಹಲ್ಲಿನ ಗುರುತು ಬಿತ್ತು. ಆದರೆ ಒಮ್ಮೆ ಸನ್ನೆ ಹತ್ತಿದ ಮೇಲೆ ಹೂವಮ್ಮ ಹಸಿದವಳಂತೆ ಕಲಿತಳು. ಕಂಡದ್ದಕ್ಕೆಲ್ಲ ಹೆಸರು ಕೇಳಿದಳು. ಮನೆಯ ವಿಷಯ ಮಾತ್ರ ಎತ್ತಲಿಲ್ಲ.

ಮಾರ್ಚ್‌ನಲ್ಲಿ ಮಕ್ಕಳು ಕಲಿತ ಮಾತು ತೋರಿಸಲು ಎಲ್ಲ ತಂದೆತಾಯಿಯರ ಸಭೆ ಕರೆದರು. ಗಿರಿಯಪ್ಪ ಹೆಂಡತಿ ದುಗ್ಗಮ್ಮನೊಡನೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಮಂಜುನಾಥಪ್ಪ ಹೂವಮ್ಮನ ಗಲ್ಲ ಹಿಡಿದು ತಮ್ಮ ತುಟಿ ತೋರಿಸಿ, "ಹೇಳು. ಅಪ್ಪ. ಅಪ್ಪಾ..." ಎಂದರು.

ಹುಡುಗಿ ಅವರ ಕೈ ಕೊಡವಿದಳು. ತಂದೆಯ ಎದುರು ಹೋಗಿ ನಿಂತು ಸನ್ನೆ ಮಾಡಿದಳು. ಮತ್ತೊಮ್ಮೆ, ಇನ್ನೂ ಜೋರಾಗಿ ಮಾಡಿದಳು.

"ಕೈ ಕೆಳಗೆ!" ಎಂದು ಮಂಜುನಾಥಪ್ಪ ಕಿರುಚಿದರು.

"ಎಂತ ಮಾಡ್ತಿದಾಳೆ ಇವ್ಳು?" ಎಂದರು ಗಿರಿಯಪ್ಪ.

ಮಾಸ್ತಮ್ಮ ಮುಂದೆ ಬಂದಳು. "ನಿಮ್ಮನ್ನ ಒಂದು ಮಾತು ಕೇಳ್ತಿದಾಳೆ. ತಮ್ಮ ಸತ್ತೋದ್ನಾ, ಅಂತ."

ದುಗ್ಗಮ್ಮ ಎದ್ದೇಬಿಟ್ಟಳು. "ಬಿಡ್ತು ಅನ್ನಿ! ಅಜ್ಜಿ ಹತ್ರ ಆಡ್ಕಂಡು ಚೆನ್ನಾಗಿದಾನೆ ಅಂವ."

ಮಾಸ್ತಮ್ಮ ಅದನ್ನು ಕೈಯಲ್ಲಿ ಹೇಳಿದಳು. ಹೂವಮ್ಮ ನಂಬಲಿಲ್ಲ. ಅವಳ ಕೈಗಳು ಓಡತೊಡಗಿದವು. ಮಾಸ್ತಮ್ಮ ಹಿಂದೆಯೇ ಹೇಳುತ್ತ ಹೋದಳು: "ತಮ್ಮ ಮೆಟ್ಟಿಲ ಮೇಲೆ ಬಿದ್ದ. ತಲೇಲಿ ರಕ್ತ ಬಂತು. ನಾನು ಬೀಳಿಸ್ಲಿಲ್ಲ, ಅವನೇ ಜಾರಿದ. ಬೆಳಗಾದ ಮೇಲೆ ನಂಗೆ ಹೊಸ ಲಂಗ ಹಾಕಿದ್ರಿ. ಬಸ್ಸು. ಜಿಲೇಬಿ ಕೊಡಿಸಿದ್ರಿ. ತಿಂದು ತಲೆ ಎತ್ತಿದ್ರೆ ಅಪ್ಪ ಇಲ್ಲ."

ದುಗ್ಗಮ್ಮ ಮತ್ತೆ ಕೂತಳು. ಮಗು ಹೂವಮ್ಮನ ಸೊಂಟದಿಂದ ಜಾರಿ ಬಿದ್ದದ್ದು, ಹಣೆಗೆ ಹೊಲಿಗೆ ಹಾಕಿಸಿದ್ದು ಎಲ್ಲ ನಿಜ. ಅದರ ಮರುದಿನವೇ ಶಾಲೆ ಶುರುವಾಗಿತ್ತು, ಅಷ್ಟೆ. ಅದನ್ನು ಹೂವಮ್ಮನಿಗೆ ತಿಳಿಸಲು ಮನೆಯಲ್ಲಿ ಯಾರಿಗೂ ದಾರಿ ಇರಲಿಲ್ಲ. ದಾರಿ ಬೇಕು ಎಂದು ಯಾರಿಗೂ ಹೊಳೆದಿರಲೂ ಇಲ್ಲ.

ಗಿರಿಯಪ್ಪನವರ ಮುಖ ಕೆಂಪಾಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಮಾಸ್ತಮ್ಮನ ಕಡೆ ತಿರುಗಿದರು.

"ಇಷ್ಟು ಜನದ ಎದುರಿಗೆ ನನ್ ಮಾನ ಕಳೀಬೇಕು ಅಂತ್ಲೇ ಹೇಳ್ಕೊಟ್ಟಿದ್ದಾ? ಯಾರ ಮಗಳು ನೀನು?"

"ಹೊಸನಗರದ ರಾಮಚಂದ್ರಪ್ಪನ ಮಗಳು."

"ಗೊತ್ತಾಯ್ತು ಬಿಡು. ಗೇಣಿ ಮಾಡ್ಕಂಡಿದ್ದೋರು. ಕಾನೂನು ತಂದು ನಮ್ಮಂಥೋರ ಗದ್ದೆ ತಗಂಡ್ರಿ. ಈಗ ಮಕ್ಳನ್ನೂ ತಗಳಕ್ಕೆ ಹೊರ್ಟಿದೀರಾ?"

"ಗದ್ದೆ ಸುದ್ದಿ ಇಲ್ಲಿ ಬೇಡ. ಅವಳು ಕೇಳಿದ್ದಕ್ಕೆ ಉತ್ತರ ಹೇಳಿ."

ಗಿರಿಯಪ್ಪ ಮಗಳ ಎರಡೂ ಮುಂಗೈ ಹಿಡಿದು ಎಳೆದರು. ಅವಳು ಕಚ್ಚಿದಳು. ಅವರು ಕೆನ್ನೆಗೆ ಬಾರಿಸಿ, ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಟ್ರಂಕನ್ನೂ ಕೇಳಲಿಲ್ಲ.

ಮರುದಿನ ಮಂಜುನಾಥಪ್ಪ ಮಾಸ್ತಮ್ಮನನ್ನು ಕೆಲಸದಿಂದ ತೆಗೆದರು. "ನೀವು ಬರೋಕೆ ಮುಂಚೆ ಈ ಮಕ್ಕಳು ಶಾಂತವಾಗಿದ್ವು," ಎಂದರು. ಬಹಳ ದಿನದ ಮೇಲೆ ಅವಳ ಮುಖ ನೋಡಿ ಆಡಿದ ಮಾತು ಅದು.

"ಶಾಂತವಾಗಿರ್ಲಿಲ್ಲ ಸಾರ್. ಕಟ್ಟಿಹಾಕಿದ್ರಿ," ಎಂದು ಅವಳು ಹೊರಟಳು. ತರಗತಿಯ ಮಕ್ಕಳಿಗೆ ಹೇಳಿ ಹೋಗಲೂ ಅವರು ಬಿಡಲಿಲ್ಲ. ಎಲ್ಲಕ್ಕಿಂತ ಹೆಚ್ಚು ಅವಳನ್ನು ಸುಟ್ಟದ್ದು ಅದು. ಇವಳೂ ಹೇಳದೆ ಹೋದವರ ಸಾಲಿಗೆ ಸೇರಿದಳು ಎಂದು ಆ ಮಕ್ಕಳು ತಿಳಿದಿರಬೇಕು.

ಮೇ ತಿಂಗಳ ಒಂದು ಮಧ್ಯಾಹ್ನ ಹೊಸನಗರದ ಅವಳ ಮನೆಯ ಬಾಗಿಲಿಗೆ ದುಗ್ಗಮ್ಮ ಬಂದು ನಿಂತಳು. ಪಕ್ಕದಲ್ಲಿ ಹೂವಮ್ಮ. ಮಾಸ್ತಮ್ಮ ನೀರು ತಂದರೆ ದುಗ್ಗಮ್ಮ ಮುಟ್ಟಲಿಲ್ಲ.

"ಉಪಚಾರಕ್ಕೆ ಬಂದಿಲ್ಲ ನಾನು. ಎಂತ ಹಚ್ಚಿ ಕಳಿಸಿದ್ರಿ ನನ್ ಮಗಳಿಗೆ? ಇಡೀ ದಿನ ಕೈ ಬೀಸ್ತಾಳೆ. ಒಬ್ಬರಿಗೂ ತಿಳಿಯಲ್ಲ. ತಿಳೀದಿದ್ರೆ ಪಾತ್ರೆ ಎಸೀತಾಳೆ. ತಮ್ಮ ಹತ್ರ ಬಂದ್ರೆ ಕೈ ಹಿಂದೆ ಕಟ್ಕಂಡು ದೂರ ಹೋಗ್ತಾಳೆ, ಮುಟ್ಟದೇ ಇಲ್ಲ. ಮುಂಚೆ ಹಿಂಗಿರ್ಲಿಲ್ಲ."

"ಮುಂಚೆ ಅವಳಿಗೆ ಹೇಳೋಕೆ ಬರ್ತಿರ್ಲಿಲ್ಲ."

"ಅದೇ ನಾನೂ ಹೇಳ್ತಿರದು! ಅರ್ಧ ಕಲಿಸಿ ಬಿಟ್ರಿ. ಇನ್ನರ್ಧ ನಂಗೆ ಕಲಿಸಿ."

"ನಿಮ್ಮ ಯಜಮಾನ್ರು?"

"ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಕೂತಿದಾರೆ. ನಿಮ್ಮ ಹೊಸ್ತಿಲು ತುಳಿಯಲ್ವಂತೆ. ನಾನೂ ನಿಮ್ಮನ್ನ ಕ್ಷಮಿಸಿದೀನಿ ಅಂದ್ಕಬೇಡಿ. ಆ ಸಭೇಲಿ ಮುಖ ಎತ್ತಕ್ಕಾಗ್ದಂಗೆ ಮಾಡಿದ್ರಿ."

ಪಾಠ ಶುರುವಾಯಿತು. ದುಗ್ಗಮ್ಮ ಸಿಟ್ಟಿನಲ್ಲೇ ಕಲಿತಳು. ಬೆರಳು ಬಗ್ಗದಿದ್ದರೆ ಬೆರಳಿಗೇ ಬೈದಳು. ಮಾಸ್ತಮ್ಮನ ಕೈ ತಾಗಿದಾಗಲೆಲ್ಲ ತನ್ನ ಕೈ ಎಳೆದುಕೊಂಡು, "ನೋಡಿ ಮಾಡ್ತೀನಿ, ಮುಟ್ಟಬೇಡಿ," ಎಂದಳು. ವಾರ ವಾರ ಬಂದಳು. ಗಿರಿಯಪ್ಪ ಪ್ರತಿ ಸಲ ಹೋಟೆಲಿನಲ್ಲೇ ಕೂತರು. ಆದರೆ ಕರೆತರುವುದನ್ನು ತಪ್ಪಿಸಲಿಲ್ಲ.

ಮಳೆ ಹಿಡಿಯುವ ಮುಂಚಿನ ಕೊನೆಯ ವಾರ ದುಗ್ಗಮ್ಮ ಜಗಲಿಯಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ ಮಾತನ್ನು ನಿಧಾನವಾಗಿ ಕೈಯಲ್ಲಿ ಹೇಳಿದಳು: ತಮ್ಮ ಬಿದ್ದ. ತಪ್ಪು ನಿನ್ನದಲ್ಲ. ಅದಕ್ಕೆ ಕಳಿಸಿದ್ದಲ್ಲ. ಕಲೀಲಿ ಅಂತ ಕಳಿಸಿದೆವು.

ಹೂವಮ್ಮ ತಾಯಿಯ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ನಿಂತಳು. ಅವಳ ಕೈಗಳು ಗಾಳಿ ಸೀಳುವಂತೆ ಆಡಿದವು. ಯಾಕೆ ಹೇಳಲಿಲ್ಲ? ಯಾಕೆ ಬರಲಿಲ್ಲ? ಹಬ್ಬಕ್ಕೂ ಯಾಕೆ ಬರಲಿಲ್ಲ? ದುಗ್ಗಮ್ಮ 'ಮೆಲ್ಲಗೆ, ಮೆಲ್ಲಗೆ' ಎಂದು ಸನ್ನೆ ಮಾಡಿದಳು. ಹುಡುಗಿ ಮೆಲ್ಲಗಾಗಲಿಲ್ಲ. ಕಾಲು ನೆಲಕ್ಕೆ ಬಡಿದು ಅದನ್ನೇ ಮತ್ತೆ ಹೇಳಿದಳು. ತಾಯಿಯ ಕಣ್ಣಿಂದ ನೀರು ಇಳಿಯತೊಡಗಿತು.

ಮಾಸ್ತಮ್ಮ, "ಅವಳು ಕೇಳ್ತಿರೋದು..." ಎಂದು ಬಾಯಿ ತೆರೆದಳು.

"ಮಧ್ಯ ಬರಬೇಡಿ ನೀವು," ಎಂದಳು ದುಗ್ಗಮ್ಮ, ಮಗಳ ಮೇಲಿನ ಕಣ್ಣು ಕೀಳದೆ. "ಅವ್ಳು ಬೈತಿರದು ನಂಗೆ."