ನಿಂತು ಹೊರಡುವಾಗ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ ನಾನು ಕೆಲಸಕ್ಕೆ ಹೊರಟೆ. ಹದಿನೇಳು ದಿನ ಗೋಡೆಗೆ ಒತ್ತಿದ್ದ ಕುರ್ಚಿಗಳನ್ನು ಅತ್ತೆ ಮತ್ತೆ ಮೇಜಿನ ಹತ್ತಿರ ಎಳೆದಿಟ್ಟಿದ್ದರು. ಎರಡನ್ನು ಮಾತ್ರ. ಮೂರನೆಯದರ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆ ಬಿದ್ದಿತ್ತು.

ಫ್ರಿಜ್ಜಿನ ಮೇಲಿಂದ ವ್ಯಾನಿನ ಕೀ ತೆಗೆದುಕೊಂಡೆ. ಅತ್ತೆ ತಲೆ ಎತ್ತಲಿಲ್ಲ.

"ಬಸ್ಸಿಗೆ ಹೋಗಬಾರದೇನಮ್ಮ? ಆ ಕಾಲಿಟ್ಟುಕೊಂಡು ಇನ್ನೂ ಯಾರನ್ನ ಕೂರಿಸ್ಕೊಂಡು ಹೋಗಬೇಕು?"

ಆ ಭಾನುವಾರ ನಡೆದದ್ದು ಇಷ್ಟು. ಬೆಳಿಗ್ಗೆ ಹತ್ತೂವರೆಗೆ ನನ್ನ ಗಂಡ ಎದೆ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ಕೂತ. ಅವನಿಗೆ ಮೂವತ್ತನಾಲ್ಕು ವರ್ಷ. ಆಂಬುಲೆನ್ಸ್ ಬರಲು ನಲವತ್ತು ನಿಮಿಷವಾಗುತ್ತದೆ ಎಂದರು. ಅತ್ತೆ ವ್ಯಾನಿನ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು, ನಾನು ಓಡಿಸಿದೆ. ಆಸ್ಪತ್ರೆಗೆ ಐದು ಸಿಗ್ನಲ್. ಐದರಲ್ಲೂ ಕೆಂಪು. ನಿಂತು ಹೊರಡುವಾಗಲೆಲ್ಲ ಆ ವ್ಯಾನು ಹೊಟ್ಟೆಯಡಿ ಟಕ್ ಎನ್ನುತ್ತಿತ್ತು, ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಒಂದೇಟು ಹಾಕಿದ ಹಾಗೆ. ಒಂದು ವರ್ಷದಿಂದ ಹಾಗೆಯೇ. ಅದಕ್ಕೆ ಕಾರಣ ನನ್ನ ಎಡಗಾಲು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಕ್ಲಚ್ಚನ್ನು ದಡಕ್ಕನೆ ಬಿಡುತ್ತೇನಂತೆ. ಹಾಗಾಗಿ ಅವತ್ತು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಟ್ಟೆ. ಎರಡು ಸಿಗ್ನಲ್‌ಗಳಲ್ಲಿ ಇಂಜಿನ್ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆದರು. ನಾಲ್ಕನೆಯದರಲ್ಲಿ ಮತ್ತೆ ಟಕ್ ಎಂದಾಗ ಅವನು ಕಣ್ಣು ಮುಚ್ಚಿಕೊಂಡೇ, "ಕ್ಲಚ್ ಮೆಲ್ಲಗೆ ಬಿಡೇ" ಎಂದ. ಆಮೇಲೆ ಮಾತಾಡಲಿಲ್ಲ.

ಹತ್ತು ನಿಮಿಷ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡ್ಯೂಟಿಯಲ್ಲಿದ್ದ ಡಾಕ್ಟರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತಿರಬಹುದು. ಅತ್ತೆ ಮಾತ್ರ ಅದನ್ನು ಬಿಡಲಿಲ್ಲ. ಸಾಂತ್ವನ ಹೇಳಲು ಬಂದವರು ಅಡುಗೆಮನೆಯಲ್ಲಿ ಕಾಲ್ಗುಣ ಎಂದು ಪಿಸುಗುಟ್ಟಿದರು. ಅತ್ತೆ ಅಂಥದ್ದನ್ನೆಲ್ಲ ಆಡುವವರಲ್ಲ. ಅವರ ದೂರು ಖಚಿತವಾಗಿತ್ತು: ಎಡಗಾಲು, ಕ್ಲಚ್ಚು, ಹತ್ತು ನಿಮಿಷ.

ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಕಾರಣವನ್ನು ಊಹಿಸಿ ಬರೆಯುವಂತಿಲ್ಲ. ಒಂದೊಂದನ್ನೇ ಪರೀಕ್ಷಿಸಿ ಹೊರಗಿಡುತ್ತ ಬರಬೇಕು. ವ್ಯಾನಿನ ವಿಷಯದಲ್ಲಿ ಇದು ನನಗೆ ಹೊಳೆದಿರಲಿಲ್ಲವೆಂದಲ್ಲ. ಗ್ಯಾರೇಜಿನ ಮೇಸ್ತ್ರಿಗೆ ತೋರಿಸೋಣ ಎಂದಾಗಲೆಲ್ಲ ನನ್ನ ಗಂಡ ನಗುತ್ತಿದ್ದ. ಮೇಸ್ತ್ರಿ ಏನು ಮಾಡ್ತಾನೆ, ನಿನ್ನ ಕಾಲು ಬಿಚ್ಚಿ ಗ್ರೀಸ್ ಹಾಕ್ತಾನಾ ಎನ್ನುತ್ತಿದ್ದ. ಅವನು ಓಡಿಸಿದರೂ ಟಕ್ ಎನ್ನುತ್ತದಲ್ಲ ಎಂದರೆ, ನೀನು ಕೆಡಿಸಿಟ್ಟ ಮೇಲೆ ಯಾರು ಓಡಿಸಿದರೇನು ಎನ್ನುತ್ತಿದ್ದ. ಅತ್ತೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆ ಸೋಮವಾರ ಲ್ಯಾಬಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಎರಡು ಬೀದಿಯಾಚೆಯ ಮೇಸ್ತ್ರಿಯ ಶೆಡ್ಡಿಗೆ ವ್ಯಾನು ತಿರುಗಿಸಿದೆ. ಅದನ್ನು ಕೆಡಿಸಿದ್ದು ನನ್ನ ಕಾಲೋ ಅಲ್ಲವೋ ಎಂದಷ್ಟೇ ನನಗೆ ಗೊತ್ತಾಗಬೇಕಿತ್ತು. ಹೌದೆಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮೇಸ್ತ್ರಿಗೆ ಐವತ್ತರ ಮೇಲೆ. ಕನ್ನಡಕದ ಒಂದು ಕಡ್ಡಿಯ ಬದಲಿಗೆ ವೈರು. ನನ್ನನ್ನು ನೋಡಿ ರೇಡಿಯೋ ಆರಿಸಿದ. "ಕೇಳಿದೆ ಮೇಡಂ" ಎಂದ, ಅಷ್ಟೇ. ಅವನ ಹಿಂದಿನ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ, ಪ್ರತಿಯೊಂದು ಇಕ್ಕಳದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದು, ಆಯಾ ಆಕಾರದ ಮೇಲೆ ಆಯಾ ಸಾಮಾನು ತೂಗುಹಾಕಿದ್ದ. ಸಂಜೆ ಒಂದು ಕಡಿಮೆಯಾದರೆ ಕುರುಡನಿಗೂ ಗೊತ್ತಾಗಬೇಕು ಎಂದು ಹಿಂದೊಮ್ಮೆ ಹೇಳಿದ್ದ. ಒಂದು ಆಕಾರ ಖಾಲಿ ಇತ್ತು.

ಶಬ್ದ ಒಂದೇ ಸಲವೋ, ಬರುತ್ತಲೇ ಇರುತ್ತದೋ ಎಂದು ಕೇಳಿದ. ಒಂದೇ ಸಲ, ನಿಂತು ಹೊರಡುವಾಗ, ರಿವರ್ಸ್ ಹಾಕಿದಾಗಲೂ ಎಂದೆ. ತಿರುವಿನಲ್ಲಿ? ಇಲ್ಲ. ಅವನು ಹ್ಯಾಂಡ್ ಬ್ರೇಕ್ ಎಳೆಸಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಡಲು ಹೇಳಿ, ಇಂಜಿನ್ ಎಷ್ಟು ಅಲುಗುತ್ತದೆಂದು ನೋಡಿದ. ಇಂಜಿನ್ನನ್ನು ಕೂರಿಸಿದ ರಬ್ಬರುಗಳು ಸರಿಯಿದ್ದವು. ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಬೋಲ್ಟುಗಳು ಬಿಗಿಯಾಗಿದ್ದವು. ಆಮೇಲೆ ವ್ಯಾನನ್ನು, ಗಾಡಿಯ ಅಡಿ ನೋಡಲು ನೆಲದಲ್ಲಿ ತೋಡಿದ್ದ ಗುಂಡಿಯ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಗೇರ್ ತೆಗೆದು ಕೆಳಗಿಳಿದ. ಬನ್ನಿ ಎಂದ. ನಾನೂ ಇಳಿದೆ.

ಮುಂದಿನ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಉದ್ದಕ್ಕೂ ಒಂದು ಶಾಫ್ಟು. ಅದರ ಹಿಂದಿನ ತುದಿಯಲ್ಲಿ, ಶಿಲುಬೆಯ ಆಕಾರದ ಒಂದು ಕೀಲು. ಮೇಸ್ತ್ರಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಟಕ್. ಟಕ್. ಆ ಶಬ್ದವನ್ನು ನಾನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಬಹಳ ಚಿಕ್ಕದಾಗಿತ್ತು.

"ಇಲ್ಲಿದೆ ನೋಡಿ ಕಳ್ಳ" ಎಂದ. "ಈ ಕ್ರಾಸ್ ಸಡಿಲವಾಗಿ ಒಳಗೆ ಆಟ ಬಂದುಬಿಟ್ಟಿದೆ."

"ಕ್ಲಚ್ ದಡಕ್ಕನೆ ಬಿಟ್ಟರೆ ಹೀಗಾಗುತ್ತಾ?"

"ಅಷ್ಟಕ್ಕೆಲ್ಲ ಹೋಗೋ ವಸ್ತು ಅಲ್ಲ ಮೇಡಂ ಇದು. ಹಾಗಿದ್ದಿದ್ರೆ ಊರಲ್ಲಿರೋ ಗಾಡಿಗಳೆಲ್ಲ ನನ್ನ ಶೆಡ್ಡಲ್ಲೇ ಬಿದ್ದಿರೋವು."

ನನಗೆ ಸಮಾಧಾನವಾಗಬೇಕಿತ್ತು. ಆಗಿತ್ತೋ ಏನೋ. ಆಗ ಅವನು ಟಾರ್ಚನ್ನು ಹತ್ತಿರ ತಂದು, ಕ್ರಾಸ್ ಹೊಸದರ ಹಾಗಿದೆ, ಇದನ್ನು ಯಾರೋ ಬಿಚ್ಚಿದ್ದಾರೆ, ನಾನಂತೂ ಅಲ್ಲ ಎಂದ. ಶಾಫ್ಟು ಕಳಚುವ ಮುಂಚೆ ಕೂಡುವ ಎರಡೂ ಕಡೆ ಒಂದು ಗೆರೆ ಹಾಕಿಕೊಳ್ಳಬೇಕಂತೆ, ಮತ್ತೆ ಅದೇ ಜಾಗಕ್ಕೆ ಕೂರಿಸಲು. ತಾನು ಸೀಮೆಸುಣ್ಣದಲ್ಲಿ ಹಾಕುವುದಂತೆ. ಇಲ್ಲಿದ್ದ ಗೆರೆ ಕಡುಗೆಂಪು. ಎಣ್ಣೆ, ಧೂಳು ಒರೆಸಿದರೆ ಹೊಳೆಯಿತು. ಹಿಂದಿನ ವರ್ಷ ನಾನು ಒಂದು ವಾರದ ತರಬೇತಿಗೆ ಹೋಗಿ ಬಂದಾಗ ಅದೇ ಬಣ್ಣದ ನನ್ನ ನೇಲ್ ಪಾಲಿಷ್ ಸಿಕ್ಕಿರಲಿಲ್ಲ. ಎಲ್ಲೋ ಬೀಳಿಸಿಕೊಂಡಿರ್ತೀಯ ಎಂದಿದ್ದ ನನ್ನ ಗಂಡ.

ಮೇಸ್ತ್ರಿ ಗೆರೆಯನ್ನೂ ನನ್ನ ಮುಖವನ್ನೂ ನೋಡಿದ. ಕನ್ನಡಕ ತೆಗೆದು ಒರೆಸಿದ. ಆಮೇಲೆ ಹೇಳಿದ. ಸಾರ್ ಹಿಂದಿನ ವರ್ಷ ಬಂದು ಅವನ ಲಾಕ್ ಇಕ್ಕಳ ಕೇಳಿದ್ದರಂತೆ, ಈ ಕ್ರಾಸಿನ ಲಾಕ್ ತೆಗೆಯುವ ಚೂಪು ಮೂತಿಯದು. ಒಂದು ದಿನಕ್ಕೆ ಅಂದಿದ್ದರಂತೆ. ಗಾಡಿ ವೇಗದಲ್ಲಿ ನಡುಗುತ್ತದೆ ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ, ಅವಳು ಬರುವಷ್ಟರಲ್ಲಿ ಸರಿ ಮಾಡಿಡುತ್ತೇನೆ ಎಂದರಂತೆ. ನಾನೇ ಮಾಡಿಕೊಡ್ತೀನಿ ಎಂದರೂ ಕೇಳಲಿಲ್ಲವಂತೆ.

"ನಾಲ್ಕೈದು ದಿನ ಬಿಟ್ಟು ಮತ್ತೆ ಬಂದ್ರು" ಎಂದ. "ಇಕ್ಕಳ ತಂದಿರಲಿಲ್ಲ. ಅವರ ಸ್ನೇಹಿತನೊಬ್ಬ ತಾನೇ ಕ್ರಾಸ್ ಹಾಕ್ಕೊಂಡನಂತೆ, ಒಳಗಿನ ಸೂಜಿ ಒಂದು ಹೊರಗೇ ಉಳಿದುಬಿಟ್ಟಿದೆ, ಏನಾದ್ರೂ ಆಗುತ್ತಾ ಅಂದ್ರು."

ಆ ಕೀಲಿನ ನಾಲ್ಕು ತುದಿಗೂ ಒಂದೊಂದು ಸಣ್ಣ ಬಟ್ಟಲಿರುತ್ತದಂತೆ. ಬಟ್ಟಲಿನ ಒಳಸುತ್ತ ಉಕ್ಕಿನ ಸೂಜಿಗಳನ್ನು ಗ್ರೀಸಿನಲ್ಲಿ ಒತ್ತಾಗಿ ನಿಲ್ಲಿಸಿರುತ್ತಾರಂತೆ. ಅಭ್ಯಾಸವಿಲ್ಲದವರು ಕೂರಿಸುವಾಗ ಒಂದು ಜಾರುವುದು ಸಾಮಾನ್ಯವಂತೆ.

"ನೀವೇನಂದ್ರಿ?"

"ಮೊದಮೊದಲು ಏನೂ ಆಗಲ್ಲ ಸಾರ್, ಆಮೇಲೆ ನಿಂತು ಹೊರಡುವಾಗ ಟಕ್ ಅನ್ನುತ್ತೆ, ಗಾಡಿ ತರೋಕೆ ಹೇಳಿ, ಅರ್ಧ ಗಂಟೆ ಕೆಲಸ ಅಂದೆ. ಆಯ್ತು, ಅವನಿಗೆ ಹೇಳ್ತೀನಿ ಅಂದ್ರು."

ಗುಂಡಿಯಲ್ಲಿ ಎಣ್ಣೆಯ ವಾಸನೆ. ಮೇಸ್ತ್ರಿ ಇನ್ನೇನೋ ಹೇಳುತ್ತಿದ್ದ. ಇಕ್ಕಳವಿಲ್ಲದೆ ಬಿಚ್ಚಲಾಗದು, ಈ ಹೊತ್ತಿನಲ್ಲಿ ಕೇಳಲು ಸಂಕೋಚ ಎಂದು. ತರುತ್ತೇನೆ ಎಂದು ಮೇಲೆ ಹತ್ತಿದೆ.

ಮನೆಗೆ ನಡೆದುಕೊಂಡು ಹೋದೆ. ನನ್ನ ಗಂಡನ ಶೂಗಳಿದ್ದ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಬನಿಯನ್ನಿನಲ್ಲಿ ಸುತ್ತಿದ ಇಕ್ಕಳ ಸಿಕ್ಕಿತು. ಪಕ್ಕದಲ್ಲಿ ನನ್ನ ನೇಲ್ ಪಾಲಿಷ್. ಬನಿಯನ್ನಿನ ಮೂಲೆಗೆ ಹಾಕಿದ್ದ ಗಂಟು ಬಿಚ್ಚಿದರೆ ಒಂದು ಉಕ್ಕಿನ ಸೂಜಿ. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಎಸೆಯಬಹುದಿತ್ತು. ಎಸೆದಿರಲಿಲ್ಲ. ಹೇಳಬೇಕೆಂದು ಇಟ್ಟುಕೊಂಡಿದ್ದನೇ? ಹಾಗೆ ಅಂದುಕೊಳ್ಳಲು ಸ್ವಲ್ಪ ಹೊತ್ತು ಪ್ರಯತ್ನಪಟ್ಟೆ.

ಮೊದಲ ತಿಂಗಳಲ್ಲೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಭಾನುವಾರ ಟಕ್ ಎಂದರೆ ಎನ್ನಲಿ ಎಂದು ಕ್ಲಚ್ ಬಿಟ್ಟು ಹಾರಿಸಿಕೊಂಡು ಹೋಗುತ್ತಿದ್ದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಂಗೈಯಲ್ಲಿದ್ದುದನ್ನು ನೋಡಿ ಅದೇನು ಎಂದರು.

"ಗಾಡಿ ಶಬ್ದ ಮಾಡ್ತಿತ್ತಲ್ಲ ಅತ್ತೆ, ಅದಕ್ಕೆ ಕಾರಣ ಇದು. ರಿಪೇರಿ ಮಾಡಿದವರು ಒಳಗೆ ಹಾಕೋದು ಬಿಟ್ಟಿದ್ರು."

ಅವರು ಅದನ್ನು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಬಹಳ ಹೊತ್ತು ನೋಡಿದರು. ಕಾಲಿನ ವಿಷಯ ತೆಗೆಯಲಿಲ್ಲ.

"ಗೊತ್ತಿದ್ದೂ ಬಿಟ್ಟನೇನಮ್ಮ?"

"ಗೊತ್ತಿತ್ತು."

"ಅವನ ಕೈ ಸೇದಿಹೋಗ" ಎಂದರು. "ನನ್ನ ಮಗನ್ನ ತಿಂದುಬಿಟ್ಟ."

ಯಾರ ಕೈ ಎಂದು ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವರು ಸೂಜಿಯನ್ನು ನನ್ನ ಕೈಗೆ ಹಾಕಿ, ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕೂತರು. ಒಂದು ಲೋಟ ನೀರು ತಂದು ಅವರ ಮುಂದಿಟ್ಟು ಹೊರಬಿದ್ದೆ.

ಶೆಡ್ಡಿನಲ್ಲಿ ಮೇಸ್ತ್ರಿ ಕೈ ತೊಳೆದುಕೊಂಡು ಕಾಯುತ್ತಿದ್ದ. ಇಕ್ಕಳವನ್ನು ಅವನ ಕೈಗೆ ಕೊಟ್ಟೆ, ಸೂಜಿಯನ್ನು ಅದರ ಪಕ್ಕದಲ್ಲಿಟ್ಟೆ. ಅವನು ಸೂಜಿಯನ್ನು ನೋಡಿಯೂ ನೋಡದವನ ಹಾಗೆ ಇಕ್ಕಳದ ಮೂತಿಯನ್ನು ಎರಡು ಸಲ ತೆರೆದು ಮುಚ್ಚಿದ. ತುಕ್ಕು ಹಿಡಿದಿರಲಿಲ್ಲ.

"ಒಳ್ಳೆ ಮನುಷ್ಯ ಮೇಡಂ" ಎಂದ, ಗುಂಡಿಯ ಕಡೆ ತಿರುಗುತ್ತ. "ವಾಪಸ್ ಕೊಡೋದು ಮರೆತುಹೋಗಿರಬೇಕು."

"ಮರೆತಿರಲಿಲ್ಲ" ಎಂದೆ.