ರಾಗಿ ರಾ, ಮಸಾಲೆ ಸಾ

ಅಮೆರಿಕದ ನಮ್ಮ ಕ್ಲಾರ್ಕ್ಸ್‌ಬರ್ಗಿನಲ್ಲಿ ಬಡವರಿಲ್ಲ. ಅದೊಂದು ದೊಡ್ಡ ಕೊರತೆ. ಸೇವೆ ಮಾಡಲು ತುಡಿಯುವ ಕೈಗಳು ಮನೆಮನೆಯಲ್ಲೂ ಇವೆ, ಮಾಡಿಸಿಕೊಳ್ಳುವವರೇ ಇಲ್ಲ. ಹಾಗಾಗಿ ಲಾಕ್‌ಡೌನಿನಲ್ಲಿ ಬೇರೆಯವರು ಬ್ರೆಡ್ಡು ಮಾಡುವುದನ್ನು ಕಲಿಯುತ್ತಿದ್ದಾಗ ನಮ್ಮ ಕನ್ನಡದವರು ಜೂಮಿನಲ್ಲಿ ಸೇರಿ ‘ಸಾಕ್ಷರಾ’ ಎಂಬ ಸಂಸ್ಥೆ ಕಟ್ಟಿದರು. ಕರ್ನಾಟಕದ ಹಳ್ಳಿಗಳಿಗೆ ಅಕ್ಷರ, ಹಳ್ಳಿ ಹೆಂಗಸರ ಸಣ್ಣ ವ್ಯಾಪಾರಕ್ಕೆ ಬೆಂಬಲ. ಅಧ್ಯಕ್ಷರು ಕೇಶವಮೂರ್ತಿ ಅಂಕಲ್, ವಾಷಿಂಗ್ಟನ್ನಿನಲ್ಲಿ ಯಾವುದೋ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕಾರ್ಯದರ್ಶಿ ನನ್ನ ಗಂಡ ಯಶವಂತ. ಕಾಫಿ ಸರಬರಾಜು ನಳಿನಿಯದು, ಅಂದರೆ ನನ್ನದು.

ಲಾಕ್‌ಡೌನು ಮುಗಿದ ಮೇಲೆ ಮೀಟಿಂಗುಗಳೆಲ್ಲ ನಮ್ಮ ಮನೆಯಲ್ಲೇ. ಯಶವಂತ ಗೋಡೆಯ ಮೇಲೆ ಸ್ಲೈಡು ಬಿಟ್ಟು ಓದು ಬಾರದ ತಾಯಂದಿರ ನೋವಿನ ಬಗ್ಗೆ ಗದ್ಗದನಾಗಿ ಮಾತಾಡುವಾಗ, ಅದೇ ಸ್ಲೈಡಿಗೆ ಅಡ್ಡವಾಗಿ ಕೋಡುಬಳೆ ತಟ್ಟೆ ಹಿಡಿದು ಹೋಗುತ್ತಿದ್ದವರು ಅವನ ತಾಯಿ ಪುಟ್ಟತಾಯಮ್ಮ, ನನ್ನ ಅತ್ತೆ. ನಾಗಮಂಗಲದ ಕಡೆಯವರು. ಚಿಕ್ಕಂದಿನಲ್ಲಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಶಾಲೆಯ ಬಾಗಿಲವರೆಗೆ ಬಿಟ್ಟು, ಅಲ್ಲಿಂದಲೇ ದನ ಹೊಡೆದುಕೊಂಡು ಹೋದವರು. ಅವರಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಇದು ಯಾರಿಗೂ ಗೊತ್ತಾಗಬಾರದೆಂದು ಮಗನ ಕಟ್ಟಪ್ಪಣೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಇದೆಯಲ್ಲ, ನಾನು ಅದನ್ನು ಮದುವೆಯಾಗಿದ್ದೇನೆ.

ಒಂದು ಶನಿವಾರ ಪಕ್ಕದೂರು ಗೈದರ್ಸ್‌ಬರ್ಗಿನಲ್ಲಿ ಕೇಶವಮೂರ್ತಿ ಅಂಕಲ್ ಮನೆಯಲ್ಲಿ ಭಜನೆ. ದೇವರನಾಮಗಳನ್ನು ಪ್ರಿಂಟ್ ಹಾಕಿದ ಹಾಳೆಗಳನ್ನು ಎಲ್ಲರಿಗೂ ಹಂಚಿದರು. ಅತ್ತೆಯೂ ಒಂದನ್ನು ಭಕ್ತಿಯಿಂದ ಹಿಡಿದು ಕೂತರು, ತಲೆಕೆಳಗಾಗಿ. ಅಂಕಲ್ ಹೆಂಡತಿ ಶ್ರೀಲತಾ ಆಂಟಿ ಬಗ್ಗಿ ಅದನ್ನು ತಿರುಗಿಸಿ, “ನೆಟ್ಟಗೆ ಹಿಡ್ಕೊಳ್ಳೀಮ್ಮ” ಎಂದು ನಕ್ಕರು. ಹಿಂದೆ ಯಾರೋ ಕಿಸಕ್ಕೆಂದರು. ಬಾಯಿಪಾಠವಿದ್ದ ಹಾಡನ್ನೂ ಅತ್ತೆ ಆಮೇಲೆ ಹಾಡಲಿಲ್ಲ.

ಕಾರಿನಲ್ಲಿ ಬರುವಾಗ ಮೆಲ್ಲಗೆ ಅಂದರು, “ಸಾಯೋದ್ರೊಳ್ಗೆ ಒಂದ್ಸಲ ಹಾಳೆನ ನಾನೇ ನೆಟ್ಟಗೆ ಹಿಡ್ಕಬೇಕು ಕಣವ್ವ.”

ಯಶವಂತ ರೇಡಿಯೋ ಜೋರು ಮಾಡಿದ.

ಅತ್ತೆ ಸುಮ್ಮನಿರುವವರಲ್ಲ. ಮುಂದಿನ ಮೀಟಿಂಗಿನಲ್ಲಿ ಕಾಫಿ ಲೋಟ ಕೊಡುತ್ತಲೇ ಅಧ್ಯಕ್ಷರನ್ನು ಕೇಳಿಯೇಬಿಟ್ಟರು. “ಸ್ವಾಮಿ, ಹಳ್ಳಿ ಹೆಂಗಸ್ರಿಗೆಲ್ಲ ಓದೋದು ಕಲಿಸ್ತೀರಂತೆ. ನಂಗೂ ಒಸಿ ಕಲಿಸ್ಕೊಡಿ.”

“ಅಮ್ಮ ಜೋಕ್ ಮಾಡ್ತಾರೆ ಅಂಕಲ್,” ಎಂದ ಯಶವಂತ, ಬೆವರುತ್ತ.

ಅಂಕಲ್ ಹೊಟ್ಟೆ ಕುಲುಕಿಸಿ ನಕ್ಕರು. “ನಮ್ಮ ಪ್ರೋಗ್ರಾಂ ರೂರಲ್‌ಗೆ ಮಾತ್ರ ಅಮ್ಮ. ಕ್ಲಾರ್ಕ್ಸ್‌ಬರ್ಗ್ ಏನು ಹಳ್ಳೀನಾ? ಬೋರ್ಡ್ ಒಪ್ಪಲ್ಲ.” ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ, ರಸ್ತೆಯಾಚೆ, ಆಳೆತ್ತರದ ಜೋಳದ ಹೊಲ ತೂಗುತ್ತಿತ್ತು.

ಹಾಳಾಗಿ ಹೋಗಲಿ ನಿಮ್ಮ ಬೋರ್ಡು ಎಂದುಕೊಂಡು ನಾನೇ ಕಲಿಸಲು ಕೂತೆ. ಪಠ್ಯಪುಸ್ತಕ ಗರಾಜಿನಲ್ಲೇ ರೆಡಿಯಿತ್ತು. ಅದಕ್ಕೂ ಒಂದು ಕಥೆಯಿದೆ, ಕೇಳಿ. ಹಾವೇರಿ ಕಡೆಯ ‘ಅಕ್ಷಯ ಮಹಿಳಾ ಸಂಘ’ದವರು ತಾವು ಮಾಡಿದ ಹಪ್ಪಳವನ್ನು ಡಬ್ಬಗಟ್ಟಲೆ ಕಳಿಸಿದ್ದರು. ಪೊಟ್ಟಣದ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಅಕ್ಷಯ ರಾಗಿ ಹಪ್ಪಳ’, ‘ಅಕ್ಷಯ ಮಸಾಲೆ ಹಪ್ಪಳ’ ಎಂದಿತ್ತು. ನೋಡಿದ್ದೇ ಅಂಕಲ್ ಮೂಗು ಮುರಿದರು. ಬ್ರ್ಯಾಂಡಿಂಗ್ ಸರಿಯಿಲ್ಲವಂತೆ. ಡಿಸೈನರ್‌ನನ್ನು ಹಿಡಿದು ಹೊಸ ಲೇಬಲ್ ಮಾಡಿಸಿದರು: ‘ಆರ್ಟಿಸನಲ್ ಹೆರಿಟೇಜ್ ಕ್ರಿಸ್ಪ್ಸ್’, ಪೂರ್ತಿ ಇಂಗ್ಲಿಷಿನಲ್ಲಿ. ತಾವೇ ಲಟ್ಟಿಸಿದ ಹಪ್ಪಳದ ಪೊಟ್ಟಣದಲ್ಲಿ ರಾಗಿಯದು ಯಾವುದು, ಮಸಾಲೆಯದು ಯಾವುದೆಂದು ಈಗ ಆ ಹೆಂಗಸರಿಗೇ ಓದಲಾಗುವುದಿಲ್ಲ. ಅಕ್ಷರ ಕಲಿಸುವ ಸಂಸ್ಥೆಯ ಮೊದಲ ಸಾಧನೆ ಅದು. ಹಳೆಯ ಪೊಟ್ಟಣಗಳನ್ನೆಲ್ಲ ನಮ್ಮ ಗರಾಜಿಗೆ ತಂದು ಸುರಿದರು.

ನನ್ನ ಕೆಲಸ ಮನೆಯಿಂದಲೇ. ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆ-ಸೊಸೆ ಗರಾಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ‘ಅ ಆ ಇ ಈ’ ಎಂದು ಶುರುಮಾಡಿದರೆ ಅತ್ತೆ ಕೇಳಲಿಲ್ಲ. “ಅದೆಲ್ಲ ಮಕ್ಕಳ್ಗೆ. ರಾಗಿ ಎಲ್ಲದೆ ತೋರ್ಸು,” ಎಂದರು. ಹಾಗೆ ರಾಗಿಯ ರಾ ಮೊದಲ ಅಕ್ಷರವಾಯಿತು. ಆಮೇಲೆ ಮಸಾಲೆಯ ಸಾ. ಅಕ್ಷಯದ ಕ್ಷ ಮಾತ್ರ ಬಹಳ ಕಾಡಿತು. “ಥೂ, ಇದ್ರ ಮೂತಿ ದಿನಕ್ಕೊಂದು ಥರ ಕಾಣ್ತದೆ” ಎಂದು ಬೈಯುತ್ತಲೇ ಬೆರಳಿಂದ ಅದರ ಸುರುಳಿಯನ್ನು ತಿದ್ದುತ್ತಿದ್ದರು. ಹಸಿವಾದರೆ ಪಾಠ ಮಾಡಿದ ಪುಟವನ್ನೇ ಕರಿದು ತಿನ್ನುತ್ತಿದ್ದೆವು.

ವರ್ಷದ ದೊಡ್ಡ ಕಾರ್ಯಕ್ರಮ ಬಂತು. ಸಾಕ್ಷರಾ ಗಾಲಾ. ಹೋಟೆಲಿನ ಸಭಾಂಗಣ, ರೇಷ್ಮೆ ಸೀರೆಗಳು, ಊಟಕ್ಕೆ ಪಾಸ್ತಾ. ಹಪ್ಪಳ ಇರಲಿಲ್ಲ, ಉಪ್ಪು ಜಾಸ್ತಿಯಂತೆ. ಪ್ರಾರಂಭಕ್ಕೆ ಮೂವರು ಮಕ್ಕಳು ದೊಡ್ಡ ರಟ್ಟಿನ ಅಕ್ಷರಗಳನ್ನು ಹಿಡಿದು ಬಂದು ಸಂಸ್ಥೆಯ ಹೆಸರು ಮಾಡಿ ನಿಲ್ಲಬೇಕು. ನನ್ನ ಮಗಳು ನಿಧಿ, ಅವಳ ಜೊತೆಯವರಾದ ಅಭಿನವ, ಮಾಯಾ. ಇಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಮಕ್ಕಳು ಇಂತಿಷ್ಟು ಗಂಟೆ ಸಮಾಜಸೇವೆ ಮಾಡಿರಬೇಕು. ಈ ಮೂವರೂ ಹಳ್ಳಿ ಮಕ್ಕಳಿಗೆ ಜೂಮಿನಲ್ಲಿ ಕಥೆ ಓದಿ ಗಂಟೆ ತುಂಬಿಸಿಕೊಂಡವರು. ಇಂಗ್ಲಿಷ್ ಕಥೆ. ಕನ್ನಡ ಓದಲು ಮೂವರಿಗೂ ಬಾರದು.

“ಅಮ್ಮ, ಐ ಆಮ್ ಸಾ,” ಎಂದಳು ನಿಧಿ. “ಸಾ ಫಸ್ಟ್ ಬರುತ್ತೆ, ಸೋ ನಾನು ಫಸ್ಟ್ ವಾಕ್ ಮಾಡ್ತೀನಿ.”

ಸರಿಯಾದ ಲೆಕ್ಕಾಚಾರವೇ. ಆದರೆ ಬಂದದ್ದು ವೇದಿಕೆಯ ಎಡಗಡೆಯಿಂದ, ನಾವು ಕೂತ ಕಡೆಯಿಂದ ನೋಡಿದರೆ. ಮೊದಲು ಬಂದ ನಿಧಿ ನಡೆಯುತ್ತ ನಡೆಯುತ್ತ ಬಲತುದಿಗೆ ಹೋಗಿ ನಿಂತಳು. ಅಭಿನವ ಕ್ಷ ಹಿಡಿದು ನಡುವೆ. ಕೊನೆಗೆ ಬಂದ ಮಾಯಾ ರಾ ಹಿಡಿದು ಎಡಕ್ಕೆ. ಬಣ್ಣದ ಬೆಳಕು ಬಿತ್ತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಎಲ್ಲರೂ ಫೋನೆತ್ತಿ ತಂತಮ್ಮ ಮಕ್ಕಳ ಮುಖ ಹಿಡಿಯುತ್ತಿದ್ದರು. ಅಕ್ಷರ ಯಾರಿಗೆ ಬೇಕು? ಅಂಕಲ್ ಮೈಕಿನಲ್ಲಿ, “ಫ್ರೆಂಡ್ಸ್, ಈ ಮೂರು ಅಕ್ಷರ ನಮ್ಮ ಐಡೆಂಟಿಟಿ!” ಎಂದು ಕೈ ಚಾಚಿದರು.

ನನಗೆ ನಗು ಒತ್ತರಿಸಿ ಬಂದು ಸೆರಗು ಬಾಯಿಗಿಟ್ಟುಕೊಂಡೆ. ಪಕ್ಕದಲ್ಲಿ ಅತ್ತೆ ಕುರ್ಚಿಯ ತುದಿಗೆ ಸರಿದು, ಕಣ್ಣು ಕಿರಿದು ಮಾಡಿ, ತುಟಿ ಅಲ್ಲಾಡಿಸುತ್ತಿದ್ದರು. ಚಪ್ಪಾಳೆ ನಿಂತ ಹೊತ್ತಿಗೆ ಅವರ ದನಿ ಹೊರಗೆ ಬಂತು. ಹೊಲದಾಚೆಯವರನ್ನು ಕೂಗಿ ಅಭ್ಯಾಸವಾದ ದನಿ.

“ರಾಗಿ ರಾ... ಅಕ್ಷಯದ ಕ್ಷ... ಮಸಾಲೆ ಸಾ. ರಾ-ಕ್ಷ-ಸಾ! ಅಯ್ಯೋ ನಳಿನಿ, ಓದ್ಬುಟ್ಟೆ ಕಣವ್ವ! ರಾಕ್ಷಸಾ ಅಂತ ಅದೆ!”

ಮೈಕು ಹಿಡಿದ ಅಂಕಲ್ ಮೂರಕ್ಷರದ ಕೆಳಗೇ ನಿಂತಿದ್ದರು. ಹಿಂದಿನ ಸಾಲಿನಲ್ಲಿ ಶುರುವಾದ ನಗು ಮುಂದಿನ ಸಾಲಿನವರೆಗೆ ಉರುಳಿಕೊಂಡು ಬಂತು. ಯಶವಂತ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅಣಕ ಮಾಡಲು ಅತ್ತೆ ಹಾಗೆಂದಿರಲಿಲ್ಲ. ಅವರು ಓದಿದ್ದರು, ಅಷ್ಟೇ.

ಜನ ನಗುವುದು ಕಂಡು ಮಕ್ಕಳು ಬೆಪ್ಪಾದರು. ನಿಧಿಯ ಕಣ್ಣಲ್ಲಿ ನೀರು. ಮೊಮ್ಮಗಳು ಅಳುವುದನ್ನು ನೋಡಿ ಅತ್ತೆ ಸೀರೆ ನೆರಿಗೆ ಎತ್ತಿ ಹಿಡಿದು ಎದ್ದರು, ವೇದಿಕೆ ಹತ್ತಿದರು. ನಿಧಿಯ ಭುಜ ಹಿಡಿದು ಎಡತುದಿಗೆ ತಂದು ನಿಲ್ಲಿಸಿದರು, ಮಾಯಾಳನ್ನು ಬಲಕ್ಕೆ ಕಳಿಸಿದರು. ಕೆಳಗಿಳಿದು, ದೂರ ನಿಂತು, ಬೆರಳು ತೋರಿಸುತ್ತ ಮತ್ತೊಮ್ಮೆ ಓದಿಕೊಂಡರು. ತೃಪ್ತಿಯಾಯಿತು. ತಿರುಗಿ ನೋಡಿದರೆ ಎದುರಿಗೇ ಶ್ರೀಲತಾ ಆಂಟಿ.

“ಹಿಂಗೆ ನೆಟ್ಟಗೆ ಹಿಡ್ಕಬೇಕು ಕಣ್ರವ್ವ,” ಎಂದರು ಅತ್ತೆ ನಗುತ್ತ.

ಅಂಕಲ್ ಬುದ್ಧಿವಂತರು. ಬಿದ್ದರೂ ಮೀಸೆ ಮಣ್ಣಾಗದವರು. “ಫ್ರೆಂಡ್ಸ್! ನೋಡಿ, ಓದು ಬರದೇ ಇದ್ದ ಒಬ್ಬ ಹಳ್ಳಿ ತಾಯಿ ಇವತ್ತು ನಮ್ಮ ಮುಂದೆ ಓದಿದಾರೆ! ಇವರೇ ಸಾಕ್ಷರಾದ ಸಕ್ಸೆಸ್ ಸ್ಟೋರಿ!” ಎಂದು ಕೂಗಿ, ಕೆಳಗೋಡಿ ಬಂದು ಅತ್ತೆಯ ಪಕ್ಕ ನಿಂತು ಫೋಟೋದವನನ್ನು ಕೈಬೀಸಿ ಕರೆದರು.

ಅತ್ತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

“ನಿಮ್ ಪೋಗ್ರಾಮು ಹಳ್ಳಿಯೋರ್ಗಲ್ವ ಸ್ವಾಮಿ? ನಾನು ಕ್ಲಾರ್ಕ್ಸ್‌ಬರ್ಗಿನೋಳು. ಬೋರ್ಡು ಒಪ್ಪಕಿಲ್ಲ.”

ಫೋಟೋದವನು ಕ್ಯಾಮೆರಾ ಇಳಿಸಿ, “ಮತ್ತೆ ಕ್ಯಾಪ್ಶನ್ ಏನು ಹಾಕ್ಲಿ? ಇವರು ಯಾರು?” ಎಂದು ಕೇಳಿದ. ಯಶವಂತ ಬೂಟಿನಿಂದ ತಲೆಯೆತ್ತಿ ನನ್ನನ್ನು ನೋಡಿದ. ನಾನೂ ಅವನನ್ನೇ ನೋಡಿದೆ, ನೋಡಿಯೇ ನೋಡಿದೆ. ಕೊನೆಗೆ ಎದ್ದು ನಿಂತ.

“ಅದು ನಮ್ಮಮ್ಮ,” ಎಂದ. “ಅಮ್ಮನಿಗೆ ಕಲಿಸಿದ್ದು ನಾನಲ್ಲ.”