ಬಿಡುಗಡೆಯ ಕೂಗು

"ಕೊಲ್ಲಬೇಕಾಗಿಲ್ಲ," ಎಂದು ಶಶಾಂಕ ಮತ್ತೊಮ್ಮೆ ಹೇಳಿದ.

ಬೋರಲು ಹಾಕಿದ ಬಕೆಟ್ಟಿನ ಸುತ್ತ ನಿಂತವರು ನಂಬಿದಂತೆ ಕಾಣಲಿಲ್ಲ. ಕೋಲ್ಕತ್ತಾದ ನ್ಯೂ ಟೌನಿನ ಆ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಒಂದು ವಿಡಿಯೊ ಸುತ್ತುತ್ತಿತ್ತು: ಆಸ್ಟ್ರೇಲಿಯಾವನ್ನು ಆಕ್ರಮಿಸಿದ ವಿಷಗಪ್ಪೆ. ಮಧ್ಯಾಹ್ನ ಮಳೆ ನಿಂತ ಮೇಲೆ ಪಾರ್ಕಿಂಗಿನಲ್ಲಿ ಒಂದು ನೆಲಗಪ್ಪೆ ಕಾಣಿಸಿತು. ಎರಡನ್ನೂ ಕೂಡಿಸಲು ಯಾರಿಗೂ ಕಷ್ಟವಾಗಲಿಲ್ಲ. ಕಾರ್ಯದರ್ಶಿ ಅಮಿತ್ ಬಾಬು ಮೊದಲು ಚಪ್ಪಲಿ ಎಸೆದು, ಬಕೆಟ್ ಮುಚ್ಚಿ, ಬ್ಲೀಚಿಂಗ್ ಪೌಡರ್ ತರಿಸಿ, ಕೊನೆಗೆ ಪ್ರಾಣಿಶಾಸ್ತ್ರದ ಪ್ರೊಫೆಸರ್ ಶಶಾಂಕನನ್ನು ಕರೆಸಿದ್ದರು.

ಕರೆ ಬಂದಾಗ ಶಶಾಂಕನಿಗೆ ಹಾಯೆನಿಸಿತ್ತು. ಮೇಲೆ ಮನೆಯಲ್ಲಿ ಹೆಂಡತಿ ಜ್ಯೋತ್ಸ್ನಾ ಉತ್ತರಕ್ಕೆ ಕಾಯುತ್ತಿದ್ದಳು. ಬ್ಯಾಂಕು ಅವಳಿಗೆ ಉಡುಪಿಗೆ ವರ್ಗ ಕೊಟ್ಟಿತ್ತು. ಮಗಳನ್ನು ಕರೆದುಕೊಂಡು ಹೊರಡಲು ಅವಳು ತಯಾರು; ಬೇಡವೆಂದರೆ ಇಲ್ಲೇ ಉಳಿಯಲೂ ತಯಾರು. ಎರಡರಲ್ಲಿ ಒಂದನ್ನು ಗಂಡ ಬಾಯಿಬಿಟ್ಟು ಹೇಳಬೇಕು. ನಾಳೆ ಅವಳು ಬ್ಯಾಂಕಿಗೆ ತಿಳಿಸಬೇಕಾಗಿತ್ತು. ಇವತ್ತು ಹೇಳುತ್ತೇನೆ ಎಂದವನು ಅವನೇ.

"ಇದು ಇಲ್ಲಿಯದೇ. ನಿಮ್ಮ ಬಂಗಾಳಿಯ ಕುನೊ ಬ್ಯಾಂಗ್, ಮನೆಮೂಲೆಯ ಕಪ್ಪೆ," ಎಂದ.

"ಕುನೊ ಬ್ಯಾಂಗ್ ನನಗೆ ಗೊತ್ತಿಲ್ಲವೇ ಪ್ರೊಫೆಸರ್? ನಮ್ಮ ಅಜ್ಜಿಯ ಬಚ್ಚಲಿನಲ್ಲಿ ಇರುತ್ತಿತ್ತು. ಇಷ್ಟು ದಪ್ಪ ಇರಲಿಲ್ಲ," ಎಂದರು ಅಮಿತ್ ಬಾಬು.

"ಆಗ ನೀವೂ ಇಷ್ಟು ದಪ್ಪ ಇರಲಿಲ್ಲ, ಅಮಿತ್ ದಾ," ಎಂದರು ಕೆಳಮನೆಯ ಶೋಭನಾ. ಎಲ್ಲರೂ ನಕ್ಕರು.

ಶಶಾಂಕ ವಿವರಿಸಿದ. ವಿಡಿಯೊದ ಕಪ್ಪೆ ದಕ್ಷಿಣ ಅಮೆರಿಕದ್ದು. ಕಬ್ಬಿನ ಹುಳು ತಿನ್ನಲೆಂದು ಆಸ್ಟ್ರೇಲಿಯಾಕ್ಕೆ ತಂದರು, ಅದು ಹುಳುವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿತು. ಆದರೆ ಈ ಬಕೆಟ್ಟಿನ ಕೆಳಗಿರುವುದೂ ಮಡಗಾಸ್ಕರಿನಲ್ಲಿ ಆಕ್ರಮಣಕಾರಿಯೇ. ಹಡಗಿನ ಸರಕಿನ ಜೊತೆ ಹೋಗಿರಬೇಕು. ಇಲ್ಲಿಯ ಕೆಲವು ಹಾವುಗಳು ಇದನ್ನು ತಿಂದು ಅರಗಿಸಿಕೊಳ್ಳುತ್ತವೆ. ಅಲ್ಲಿಯ ಬಹುಪಾಲು ಹಾವುಗಳಿಗೆ ಆ ಶಕ್ತಿಯಿಲ್ಲ.

"ನೋಡಿದಿರಾ, ನಮ್ಮ ಬಂಗಾಳದ್ದು ಎಲ್ಲಿ ಹೋದರೂ ಬದುಕುತ್ತದೆ," ಎಂದರು ಅಮಿತ್ ಬಾಬು, ಹೆಮ್ಮೆಯಿಂದ.

"ಅಲ್ಲಿಗೆ ಹೋದದ್ದು ಬಹುಶಃ ವಿಯೆಟ್ನಾಂ ಕಡೆಯಿಂದ."

ಈ ತಿದ್ದುಪಡಿ ಯಾರಿಗೂ ಬೇಕಿರಲಿಲ್ಲ.

ಅವನು ಬಕೆಟ್ ಎತ್ತಿದ. ಕಪ್ಪೆ ಓಡಲಿಲ್ಲ. ತನಗೆ ಎಸೆದ ಚಪ್ಪಲಿಯನ್ನು ಮುಂಗಾಲುಗಳಿಂದ ಬಿಗಿಯಾಗಿ ಅಪ್ಪಿಕೊಂಡು ಕೂತಿತ್ತು.

"ನನ್ನ ಚಪ್ಪಲಿ!"

"ಇನ್ನು ಅದು ನಿಮ್ಮದಲ್ಲ, ದಾದಾ," ಎಂದರು ಶೋಭನಾ.

ಚಪ್ಪಲಿಯ ಸಮೇತ ಅದನ್ನು ಬಕೆಟ್ಟಿಗೆ ಹಾಕಿಕೊಂಡು ಶಶಾಂಕ ಗೇಟಿನಾಚೆಯ ಕೊಳದ ಕಡೆಗೆ ನಡೆದ. ಹಿಂದಿನಿಂದ ಮಗಳು ಖುಷಿ ಓಡಿಬಂದಳು. ಅವಳ ಹಿಂದೆ, ಅವಸರವಿಲ್ಲದೆ, ಜ್ಯೋತ್ಸ್ನಾ.

ಸೊಂಟ ನೋಯುತ್ತಿತ್ತು. ಆಸ್ಟ್ರೇಲಿಯಾದಲ್ಲಿ ದಂಡಿನ ಮುಂಚೂಣಿಯ ಕಪ್ಪೆಗಳಿಗೆ ಕಾಲು ಉದ್ದ. ಅವು ಹಿಂತಿರುಗದೆ ನೇರ ಸಾಗುತ್ತವೆ. ಬೆನ್ನುಮೂಳೆಯ ಸಂಧಿವಾತ ಬರುವುದೂ ಅವಕ್ಕೇ ಹೆಚ್ಚು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ಅವನೂ ಕೆಲಸದ ಹಿಂದೆ ಹಾಗೇ ಸಾಗಿ ಬಂದಿದ್ದ: ಮೈಸೂರು, ಹೈದರಾಬಾದು, ಕೋಲ್ಕತ್ತಾ. ಮುಂದೆ ಎಲ್ಲಿಗೆಂದು ಅವನನ್ನು ಯಾರೂ ಕೇಳಿರಲಿಲ್ಲ. ಉಡುಪಿ ಎಂದರೆ ಹಿಂದಕ್ಕೆ.

"ಎಂತ ಮಾರಾಯ್ರೆ," ಎಂದಳು ಜ್ಯೋತ್ಸ್ನಾ. "ಕಪ್ಪೆ ವಿಷಯ ಊರಿಗೆಲ್ಲ ಹೇಳಿ ಆಯ್ತಲ್ಲ. ನಂಗೆ ಹೇಳ್ಲಿಕ್ಕೆ ಎಂತ ಕಷ್ಟ?"

"ಇದನ್ನ ಬಿಟ್ಟು ಬರ್ತೀನಿ."

"ಬಿಡಿ. ನಾನು ಇಲ್ಲೇ ಇದ್ದೇನೆ."

ಅವನು ದಡದ ಕೆಸರಿನಲ್ಲಿ ಬಕೆಟ್ ಓರೆ ಮಾಡಿದ. ಚಪ್ಪಲಿಯೂ ಕಪ್ಪೆಯೂ ಒಟ್ಟಿಗೆ ಜಾರಿ ಬಂದವು.

"ಅಪ್ಪ, ವೈ ಬಿಡ್ತಾ ಇಲ್ಲ ಅದು?"

"ಗಂಡು. ಈ ಕಾಲದಲ್ಲಿ ಸಿಕ್ಕಿದ್ದನ್ನೆಲ್ಲ ಹೆಣ್ಣು ಅಂದ್ಕೊಂಡು ಹಿಡ್ಕೊಳ್ಳುತ್ತೆ. ಹಿಡಿದಿದ್ದು ಇನ್ನೊಂದು ಗಂಡಾದ್ರೆ ಅದು ಕೂಗುತ್ತೆ. ಬಿಡುಗಡೆಯ ಕೂಗು ಅಂತಾರೆ. ಆಗ ಇದು ಬಿಟ್ಟುಬಿಡುತ್ತೆ."

"ಚಪ್ಪಲ್ ಕೂಗಲ್ಲ ಅಲ್ವಾ?"

"ಇಲ್ಲ."

"ಸೋ? ಹಾಗೇ ಇರುತ್ತಾ?"

ಸುಸ್ತಾಗುವವರೆಗೆ, ಎನ್ನಬೇಕಿತ್ತು. ವಿಜ್ಞಾನದ ಪ್ರಕಾರ ಅದೇ ಸರಿ. ಅವನು ತಲೆಯೆತ್ತಿದ. ಜ್ಯೋತ್ಸ್ನಾ ಕಪ್ಪೆಯನ್ನು ನೋಡುತ್ತಿರಲಿಲ್ಲ.

"ಹೋಗು ಅಂತ ಹೇಳಿ. ಇಲ್ಲದಿದ್ರೆ ಬೇಡ ಅಂತ ಹೇಳಿ," ಎಂದಳು, ಮೆಲ್ಲಗೆ. "ಯಾವುದಾದ್ರೂ ಆದೀತು. ಸುಮ್ಮನೆ ಮಾತ್ರ ನಿಲ್ಬೇಡಿ."

ಅವನು ಬಾಯಿ ತೆರೆದ. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅದು ದೂರವಾದ ಮೇಲೆಯೂ ಅವನ ಬಾಯಿ ತೆರೆದೇ ಇತ್ತು.

ಖುಷಿ ಕಡ್ಡಿಯಿಂದ ಚಪ್ಪಲಿಯನ್ನು ನೀರಿಗೆ ನೂಕಿದಳು. ಅದು ಮುಳುಗಲಿಲ್ಲ. ನೀಲಿ ರಬ್ಬರಿಗೆ ಎದೆಯೊತ್ತಿ, ಕಣ್ಣು ಅರೆಮುಚ್ಚಿ, ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ ಕಪ್ಪೆಯನ್ನು ಹೊತ್ತು, ಸದ್ದಿಲ್ಲದೆ, ಕೊಳದ ನಡುವಿಗೆ ತೇಲತೊಡಗಿತು.